ಎರಡು ಸೀಸನ್ ಕಳೆದರೂ ನನ್ನ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್ ಬೆಳೆದಿಲ್ಲ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರಿನವನು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿಗೆ ಬಂದ ಮೇಲೆ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿಯಿತು, ಅದರ ಹಿಂದೆಯೇ ಮ್ಯಾಡನ್ ವಿಡಿಯೊ ಗೇಮ್‌ನ ಫ್ರಾಂಚೈಸ್ ಮೋಡ್ (ಒಂದು ತಂಡವನ್ನು ವರ್ಷವರ್ಷ ನಡೆಸುವ ಆಟ) ಹುಚ್ಚು. ಮೊದಲ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಮೂರನೇ ಸುತ್ತಿನಲ್ಲಿ 22 ವರ್ಷದ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು (ಚೆಂಡು ಎಸೆದು ದಾಳಿ ನಡೆಸುವವನು) ತೆಗೆದುಕೊಂಡೆ. ಓವರಾಲ್ (ಒಟ್ಟು ರೇಟಿಂಗ್) 66, ಥ್ರೋ ಪವರ್ 93, ಸ್ಟ್ರಾಂಗ್ ಆರ್ಮ್ ಮಾದರಿ. ಪಂದ್ಯ ಶುರುವಿನಿಂದ ಆಡುವ ನನ್ನ ಸ್ಟಾರ್ಟರ್‌ಗೆ ಈಗ 35 ವರ್ಷ, ಓವರಾಲ್ 87. ಆರನ್ ರಾಜರ್ಸ್ ಥರ ಹುಡುಗನನ್ನು ಮೂರು ವರ್ಷ ಕೂರಿಸಿ ತಯಾರು ಮಾಡೋಣ ಅಂದುಕೊಂಡೆ. ಎರಡು ಸೀಸನ್ ಮುಗಿದರೂ ಅವನು 67ಕ್ಕೇ ನಿಂತಿದ್ದಾನೆ. ಎಷ್ಟು ಬೇಗ ಬೆಳೆಯುತ್ತಾನೆ ಎಂದು ಹೇಳುವ ಡೆವಲಪ್‌ಮೆಂಟ್ ಟ್ರೇಟ್ ಇನ್ನೂ 'ಹಿಡನ್' ಅಂತಲೇ ತೋರಿಸುತ್ತಿದೆ. ಓಡುವುದು ಕಲಿಯಲಿ ಅಂತ ಬಂದ ಸ್ಕಿಲ್ ಪಾಯಿಂಟ್‌ನಲ್ಲಿ ಹೆಚ್ಚಿನದನ್ನು ಸ್ಕ್ರ್ಯಾಂಬ್ಲರ್‌ಗೆ ಹಾಕಿದೆ. ಎಲ್ಲಿ ತಪ್ಪಿದೆ? ಸ್ಟಾರ್ಟರ್‌ನನ್ನು ಟ್ರೇಡ್ ಮಾಡಿ ಇವನನ್ನೇ ಇಳಿಸಿಬಿಡಲೇ?

ಉತ್ತರ: ಹುಡುಗನಲ್ಲಿ ಕೊರತೆ ಇಲ್ಲ. ನೀವು ನಿಜವಾದ ಎನ್‌ಎಫ್‌ಎಲ್‌ನ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಪಾಠವನ್ನು ಗೇಮ್‌ಗೆ ಹಾಗೇ ಹಚ್ಚಿದ್ದೀರಿ, ತೊಂದರೆ ಶುರುವಾದದ್ದು ಅಲ್ಲಿ. ಅಲ್ಲಿ ಕೂತವನೂ ಕಲಿಯುತ್ತಾನೆ. ಮ್ಯಾಡನ್‌ನಲ್ಲಿ ಕೂತವನಿಗೆ ವಯಸ್ಸು ಮಾತ್ರ ಆಗುತ್ತದೆ.

ರಾಜರ್ಸ್ ಉದಾಹರಣೆಯನ್ನೇ ತೆಗೆದುಕೊಳ್ಳಿ. 2005ರ ಡ್ರಾಫ್ಟ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಅವನನ್ನು 24ನೇ ಆಯ್ಕೆಯಾಗಿ ತಂದಿತು. ಮುಂದೆ ಬ್ರೆಟ್ ಫಾರ್ವ್ ನಿಂತಿದ್ದ, 1992ರಿಂದ ಒಂದು ಪಂದ್ಯವನ್ನೂ ಬಿಡದೆ ಸ್ಟಾರ್ಟ್ ಮಾಡುತ್ತಿದ್ದವನು. ಆ ಮೂರು ವರ್ಷ ರಾಜರ್ಸ್ ಸುಮ್ಮನೆ ಕೂತಿರಲಿಲ್ಲ. ಕಾಲೇಜಿನಲ್ಲಿ ಚೆಂಡನ್ನು ಕಿವಿಯ ಹತ್ತಿರ ಎತ್ತಿ ಹಿಡಿಯುವ ಅಭ್ಯಾಸವಿತ್ತು, ಅದನ್ನು ಬದಲಿಸಿಕೊಂಡ. 2006ರಲ್ಲಿ ಬಂದ ಕೋಚ್ ಮೈಕ್ ಮೆಕಾರ್ಥಿ ಆಫ್ ಸೀಸನ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೇ ಪಾಠಶಾಲೆ ಇಟ್ಟು, ಕಾಲಿನ ಚಲನೆಯಿಂದ ಹಿಡಿದು ಎಲ್ಲವನ್ನೂ ತಿದ್ದಿದ. ವಾರವಾರ ಅಭ್ಯಾಸದಲ್ಲಿ ತನ್ನದೇ ತಂಡದ ಡಿಫೆನ್ಸ್ ವಿರುದ್ಧ ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಪಾತ್ರ ಆಡಿದ. 2007ರ ನವೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ಫಾರ್ವ್ ಪೆಟ್ಟು ತಿಂದು ಹೊರಗೆ ಹೋದಾಗ (ನಮಗೆ ಬೆಂಗಳೂರಿನಲ್ಲಿ ಅದು ಶುಕ್ರವಾರ ಬೆಳಗಿನ ಕಾಫಿ ಹೊತ್ತು) ರಾಜರ್ಸ್ ಬಂದು 26ರಲ್ಲಿ 18 ಪಾಸ್ ಮುಟ್ಟಿಸಿದ. ಪ್ಯಾಕರ್ಸ್ ಪಂದ್ಯ ಸೋತಿತು. ಆದರೆ ಈ ಹುಡುಗ ಸಿದ್ಧನಾಗಿದ್ದಾನೆ ಎನ್ನುವುದು ನೋಡಿದವರಿಗೆಲ್ಲ ತಿಳಿಯಿತು.

ಈ ಕಣ್ಣಿಗೆ ಕಾಣದ ಕೆಲಸವನ್ನೆಲ್ಲ ಲೆಕ್ಕಕ್ಕೆ ತರುವ ವ್ಯವಸ್ಥೆ ಮ್ಯಾಡನ್ ಒಳಗೆ ತೀರಾ ತೆಳುವಾಗಿದೆ. ಅಲ್ಲಿ ಆಟಗಾರ ಬೆಳೆಯುವುದು ಎಕ್ಸ್‌ಪಿ (ಅನುಭವದ ಅಂಕ) ಸೇರಿದರೆ, ಎಕ್ಸ್‌ಪಿ ಕೂಡಿ ಸ್ಕಿಲ್ ಪಾಯಿಂಟ್ ಆದರೆ. ಎಕ್ಸ್‌ಪಿ ಬರುವ ದಾರಿ ಎರಡು: ವಾರದ ಅಭ್ಯಾಸ, ಮತ್ತು ಪಂದ್ಯದಲ್ಲಿ ಗಳಿಸಿದ ಯಾರ್ಡ್, ಟಚ್‌ಡೌನ್, ಮುಟ್ಟಿದ ಗುರಿಗಳು. ಎರಡನೆಯದೇ ದೊಡ್ಡ ಬಾವಿ. ನಿಮ್ಮ ಹುಡುಗ ಎರಡು ವರ್ಷ ಅದರ ಹತ್ತಿರಕ್ಕೂ ಹೋಗಿಲ್ಲ. ಅಭ್ಯಾಸದಿಂದ ಜಿನುಗಿದ ಹನಿಗಳಷ್ಟೇ ಅವನ ಪಾಲು.

ಟ್ರೇಟ್ ವಿಷಯಕ್ಕೆ ಬರೋಣ, ಏಕೆಂದರೆ ಮುಂದಿನ ತೀರ್ಮಾನವೆಲ್ಲ ಅದರ ಮೇಲೆಯೇ ನಿಂತಿದೆ. ಮ್ಯಾಡನ್ 20ರಿಂದ ಈಚೆಗೆ ನಾರ್ಮಲ್, ಸ್ಟಾರ್, ಸೂಪರ್‌ಸ್ಟಾರ್, ಎಕ್ಸ್-ಫ್ಯಾಕ್ಟರ್ ಎಂದು ನಾಲ್ಕು ಮೆಟ್ಟಿಲು. ಒಂದೇ ಕೆಲಸಕ್ಕೆ ಮೇಲಿನವನಿಗೆ ಹೆಚ್ಚು ಫಲ, ಕೆಳಗಿನವನಿಗೆ ಕಡಿಮೆ. ನಾನು ಆಡಿರುವ ಆವೃತ್ತಿಗಳಲ್ಲಿ ನಾರ್ಮಲ್ ಹುಡುಗರಿಗೆ ನಾರ್ಮಲ್ ಎಂದೇ ಬರೆದಿರುತ್ತದೆ. 'ಹಿಡನ್' ಎಂಬ ಪರದೆ ಬಿದ್ದಿರುವುದು ಸ್ಟಾರ್ ಅಥವಾ ಅದಕ್ಕಿಂತ ಮೇಲಿನವರ ಮೇಲೆ. ಹಾಗಾದರೆ ನಿಮ್ಮ ಕೈಯಲ್ಲಿರುವುದು ಒಳ್ಳೆಯ ಬೀಜ. ಅದಕ್ಕೇ ನಿಮ್ಮ ಪತ್ರ ಓದಿ ನನಗೆ ಸ್ವಲ್ಪ ಸಂಕಟವಾಯಿತು.

ಆ ಪರದೆ ಸರಿಯಲು ಅವನು ಸುಮಾರು 500 ಸ್ನ್ಯಾಪ್ (ಒಂದೊಂದು ಪ್ಲೇಗೆ ಒಂದು) ಆಡಬೇಕು. ಲೆಕ್ಕ ಹಾಕಿ ನೋಡಿ. ನೀವು ಪಂದ್ಯಕ್ಕೆ 50 ಸ್ನ್ಯಾಪ್‌ನಷ್ಟು ಆಡುತ್ತೀರಿ ಎಂದರೆ ಹತ್ತು ಪೂರ್ಣ ಪಂದ್ಯ ಬೇಕು. ಗೆದ್ದಾದ ಪಂದ್ಯಗಳ ಕೊನೆಯಲ್ಲಿ ಮಾತ್ರ ಇಳಿಸಿದರೆ? ಒಂದು ಸೀಸನ್‌ನಲ್ಲಿ ಅಂಥ ಪಂದ್ಯ ಆರು ಸಿಗಬಹುದು, ಪ್ರತಿಯೊಂದರಲ್ಲಿ ಹನ್ನೆರಡು ಸ್ನ್ಯಾಪ್. ವರ್ಷಕ್ಕೆ 72. ಆ ಹೊತ್ತಿಗೆ ಏಳು ವರ್ಷ ಕಳೆದು ಹುಡುಗನಿಗೆ 31 ಆಗಿರುತ್ತದೆ. ಗೆದ್ದ ಪಂದ್ಯದ ಕೊನೆಯ ಹತ್ತು ನಿಮಿಷ ಅವನ ಕೈ ಪಳಗುವುದಕ್ಕೆ ಒಳ್ಳೆಯದೇ. ಟ್ರೇಟ್ ತೆರೆಯುವುದಕ್ಕೆ ಅದು ಸಾಲದು. ಅದಕ್ಕೆ ಅವನು ಸ್ಟಾರ್ಟ್ ಮಾಡಲೇಬೇಕು.

ಇನ್ನು ಸ್ಕಿಲ್ ಪಾಯಿಂಟ್. ಇಲ್ಲಿ ನಿಮ್ಮ ಕೈಯಾರೆ ಒಂದು ತಪ್ಪಾಗಿದೆ. ಕ್ವಾರ್ಟರ್‌ಬ್ಯಾಕ್‌ಗೆ ನಾಲ್ಕು ಮಾದರಿ: ಫೀಲ್ಡ್ ಜನರಲ್, ಸ್ಟ್ರಾಂಗ್ ಆರ್ಮ್, ಇಂಪ್ರೊವೈಸರ್, ಸ್ಕ್ರ್ಯಾಂಬ್ಲರ್. ನಾಲ್ಕಕ್ಕೂ ಬೇರೆ ಬೇರೆ ಅಂಕ ಇರುತ್ತದೆ, ಪರದೆಯಲ್ಲಿ ಓವರಾಲ್ ಎಂದು ಕಾಣುವುದು ಅವುಗಳಲ್ಲಿ ಅತಿ ಹೆಚ್ಚಿನದು. ನಿಮ್ಮವನ ಸ್ಟ್ರಾಂಗ್ ಆರ್ಮ್ ಅಂಕ ಮೇಲಿದೆ. ನೀವು ಸ್ಕ್ರ್ಯಾಂಬ್ಲರ್‌ಗೆ ಸುರಿದದ್ದು ಕೆಳಗಿನ ಪಾತ್ರೆಯನ್ನು ಸ್ವಲ್ಪ ತುಂಬಿತು, ಮೇಲಿನದು ಹಾಗೇ ಉಳಿಯಿತು. ಅವನು ಪೂರ್ತಿ ನಿಂತಿಲ್ಲ, ನೀವು ನೋಡುತ್ತಿರುವ ಸಂಖ್ಯೆ ನಿಂತಿದೆ.

ಹಾಗೆಂದು ಇನ್ನು ಮುಂದೆ ಎಲ್ಲವನ್ನೂ ಸ್ಟ್ರಾಂಗ್ ಆರ್ಮ್‌ಗೆ ಹಾಕಿ ಎನ್ನುವುದಿಲ್ಲ. ಅದರಲ್ಲಿ ಮುಖ್ಯವಾಗಿ ಏರುವುದು ಥ್ರೋ ಪವರ್ ಮತ್ತು ದೂರದ ಎಸೆತದ ನಿಖರತೆ. 93 ಥ್ರೋ ಪವರ್ ಇದ್ದವನಿಗೆ ಇನ್ನಷ್ಟು ಶಕ್ತಿ ಬೇಡ. ಅಂಚಿನ ಗೆರೆಯತ್ತ ಓಡುವ ರಿಸೀವರ್‌ಗೆ ಕಾರ್ನರ್‌ಬ್ಯಾಕ್ ತಲುಪುವ ಮೊದಲೇ ಚೆಂಡು ಮುಟ್ಟಿಸಲು ಅಷ್ಟು ಸಾಕು. ಅವನಿಗೆ ಬೇಕಿರುವುದು ಹತ್ತಿರದ ಮತ್ತು ನಡುವಿನ ಎಸೆತದ ನಿಖರತೆ, ಅದು ಫೀಲ್ಡ್ ಜನರಲ್‌ನಲ್ಲಿದೆ. ಅವನ ಫೀಲ್ಡ್ ಜನರಲ್ ಅಂಕ ಈಗ 64 ಇದ್ದರೆ ಮೊದಲ ಮೂರು ಪಾಯಿಂಟ್ ಹಾಕಿದಾಗಲೂ ಓವರಾಲ್ ಅಲುಗುವುದಿಲ್ಲ. ಧೈರ್ಯಗೆಡಬೇಡಿ. ನಾಲ್ಕನೆಯದರಿಂದ ಸಂಖ್ಯೆಯೂ ಏರುತ್ತದೆ, ಅಷ್ಟರೊಳಗೆ ಚೆಂಡು ಬೀಳುವ ಜಾಗವೇ ಬದಲಾಗಿರುವುದು ನಿಮಗೆ ಗೊತ್ತಾಗುತ್ತದೆ.

ಓವರಾಲ್ ಲೆಕ್ಕದಲ್ಲಿ ಅವೇರ್‌ನೆಸ್‌ಗೂ (ಆಟದ ಅರಿವು) ಪಾಲಿದೆ. ಚೆಂಡು ನಿಮ್ಮ ಬೆರಳಲ್ಲಿ ಇರುವಾಗ ಆಟಗಾರನ ಅವೇರ್‌ನೆಸ್ ಹೆಚ್ಚು ಕೆಲಸ ಮಾಡುವುದಿಲ್ಲ, ಯಾರು ಖಾಲಿ ಇದ್ದಾರೆ ಎಂದು ನೋಡುವವರು ನೀವೇ. ಪಂದ್ಯವನ್ನು ಸಿಮ್ ಮಾಡುವಾಗ (ನೀವು ಆಡದೆ ಗೇಮ್‌ಗೇ ಬಿಟ್ಟಾಗ) ಮಾತ್ರ ಅದರ ತೂಕ ಬೇರೆ. ಎಲ್ಲ ಕಾಲದಲ್ಲೂ ಹೀಗಿರಲಿಲ್ಲ. 2005ರಲ್ಲಿ ಬಂದ ಮ್ಯಾಡನ್ 06ರಲ್ಲಿ ಕ್ವಾರ್ಟರ್‌ಬ್ಯಾಕ್‌ನ ದೃಷ್ಟಿಯನ್ನೇ ಬೆಳಕಿನ ಕೋನವಾಗಿ ಮೈದಾನದ ಮೇಲೆ ಬಿಡಿಸಿ ತೋರಿಸುತ್ತಿದ್ದರು. ಆ ಬೆಳಕಿನೊಳಗೆ ಇದ್ದವನಿಗೆ ಎಸೆದರೆ ಸರಿ, ಹೊರಗಿನವನಿಗೆ ಎಸೆದರೆ ಗುರಿ ತಪ್ಪುತ್ತಿತ್ತು. ಪೇಟನ್ ಮ್ಯಾನಿಂಗ್‌ನ ಕೋನ ಮೈದಾನವನ್ನೇ ತುಂಬುತ್ತಿತ್ತು. ಹೊಸ ಹುಡುಗನ ಕೋನ ಟಾರ್ಚ್ ಬೆಳಕಿನ ಗೀಟಿನಷ್ಟು. ಬಹಳ ಜನ ಅದನ್ನು ಬೈದರು, ಮುಂದಿನ ವರ್ಷಗಳಲ್ಲಿ ಅದು ಮಾಯವಾಯಿತು. ನನಗೆ ಈಗಲೂ ಅದರ ಮೇಲೆ ಪ್ರೀತಿ ಇದೆ. ಅನುಭವ ಎಂದರೆ ಏನು ಎಂಬುದನ್ನು ಅಷ್ಟು ಸರಳವಾಗಿ ಕಣ್ಣಿಗೆ ತೋರಿಸಿದ ಇನ್ನೊಂದು ಗೇಮ್ ನಾನು ಆಡಿಲ್ಲ.

ವಾರದ ಕೆಲಸ ಹೀಗಿರಲಿ. ಮ್ಯಾಡನ್ 22ರಿಂದ ವಾರದ ತಯಾರಿಯ ಪರದೆಯಲ್ಲಿ ಪ್ರತಿ ಸ್ಥಾನಕ್ಕೂ ಅಭ್ಯಾಸದ ಪಾಲನ್ನು ಸ್ಟಾರ್ಟರ್‌ಗಳಿಗೆ ಕೊಡಬೇಕೋ ಬ್ಯಾಕಪ್‌ಗಳಿಗೋ ಎಂದು ಕೇಳುತ್ತದೆ. ಬಹುತೇಕ ಆಟಗಾರರು ಅದನ್ನು ಮುಟ್ಟುವುದೇ ಇಲ್ಲ. ನಿಮ್ಮ 35ರ ಸ್ಟಾರ್ಟರ್‌ಗೆ ಎಕ್ಸ್‌ಪಿಯಿಂದ ಇನ್ನು ಹೆಚ್ಚಿನ ಲಾಭವಿಲ್ಲ. ಅವನು ಏರುವ ವಯಸ್ಸು ದಾಟಿದ್ದಾನೆ. ಕ್ವಾರ್ಟರ್‌ಬ್ಯಾಕ್ ಸ್ಥಾನದ ಅಭ್ಯಾಸವನ್ನು ಇವತ್ತೇ ಬ್ಯಾಕಪ್ ಕಡೆ ತಿರುಗಿಸಿ. ಫುಲ್ ಪ್ಯಾಡ್ಸ್ (ಪೂರ್ತಿ ರಕ್ಷಣಾ ಉಡುಪಿನ ಅಭ್ಯಾಸ) ಇಟ್ಟರೆ ಎಕ್ಸ್‌ಪಿ ಹೆಚ್ಚು, ದಣಿವು ಮತ್ತು ಗಾಯದ ಭಯವೂ ಹೆಚ್ಚು. ಭಾನುವಾರ ಆಡದವನಿಗೆ ದಣಿವಾದರೆ ನಷ್ಟವೇನು? ಫೋಕಸ್ ಟ್ರೇನಿಂಗ್‌ಗೆ ಆರಿಸುವವರಲ್ಲೂ ಒಂದು ಜಾಗ ಅವನಿಗೆ ಕಾಯಂ ಇಡಿ. ಸ್ಕೀಮ್ ಪರದೆಯನ್ನೂ ಒಮ್ಮೆ ತೆರೆದು ನೋಡಿ. ನಿಮ್ಮ ಕೋಚ್‌ನ ಸ್ಕೀಮ್ (ಆಟದ ಶೈಲಿ) ಯಾವ ಮಾದರಿಯ ಕ್ವಾರ್ಟರ್‌ಬ್ಯಾಕ್ ಬೇಡುತ್ತದೆ ಎಂದು ಅಲ್ಲಿ ಬರೆದಿರುತ್ತದೆ, ಹೊಂದುವವನಿಗೆ ಎಕ್ಸ್‌ಪಿ ಹೆಚ್ಚು ಸಿಗುತ್ತದೆ. ಆವೃತ್ತಿಯಿಂದ ಆವೃತ್ತಿಗೆ ಮೆನುಗಳ ಹೆಸರು ಬದಲಾಗಬಹುದು, ಒಳಗಿನ ಮೂಳೆ ಇದೇ.

ಪ್ರೀ-ಸೀಸನ್‌ನ ಮೂರು ಪಂದ್ಯಗಳನ್ನು ಸ್ಕಿಪ್ ಮಾಡುವ ಚಾಳಿ ಇದ್ದರೆ ಬಿಡಿ. ಅವು ಅವನಿಗಿಂತ ಹೆಚ್ಚಾಗಿ ನಿಮಗೆ ಬೇಕು. 87ರವನ ಎಸೆತಕ್ಕೆ ಒಗ್ಗಿದ ನಿಮ್ಮ ಹೆಬ್ಬೆರಳಿಗೆ 67ರವನ ಎಸೆತ ಬೇರೆ ಭಾಷೆ. ಬಟನ್ ಯಾವಾಗ ಒತ್ತಬೇಕು, ಎಷ್ಟು ಹೊತ್ತು ಒತ್ತಬೇಕು ಎಂಬುದೇ ಬದಲಾಗುತ್ತದೆ.

ನನ್ನದೊಂದು ಪಂದ್ಯ ಹೇಳುತ್ತೇನೆ. ನನ್ನ ಫ್ರಾಂಚೈಸ್‌ನಲ್ಲೂ ನಿಮ್ಮವನಂಥ ಹುಡುಗನಿದ್ದ. ಥ್ರೋ ಪವರ್ 92, ಹತ್ತಿರದ ನಿಖರತೆ 76. ನಾಲ್ಕನೇ ಕ್ವಾರ್ಟರ್, ಆರು ನಿಮಿಷ ಬಾಕಿ, 31-10ರಿಂದ ಮುಂದಿದ್ದೇನೆ. ಪಾಜ್ ಮೆನು ತೆರೆದು ಡೆಪ್ತ್ ಚಾರ್ಟ್‌ನಲ್ಲಿ (ಯಾರು ಮೊದಲು ಆಡಬೇಕೆಂಬ ಪಟ್ಟಿ) ಅವನನ್ನು ಮೇಲಕ್ಕೆ ತಂದೆ. ಮೊದಲ ಪ್ಲೇ ನಾಲ್ಕು ರಿಸೀವರ್‌ಗಳನ್ನು ನೇರ ಮೇಲಕ್ಕೆ ಓಡಿಸುವಂಥದ್ದು. ಪಾಕೆಟ್ (ಕ್ವಾರ್ಟರ್‌ಬ್ಯಾಕ್ ಸುತ್ತಲಿನ ರಕ್ಷಣೆಯ ಗೋಡೆ) ಕುಸಿಯಿತು, ಗಾಬರಿಯಲ್ಲಿ ಎಸೆದೆ, ಎದುರಾಳಿಯ ಸೇಫ್ಟಿ ಬಂದು ಚೆಂಡು ಹಿಡಿದ. ಮುಂದಿನ ಸರದಿಯಲ್ಲಿ ಮೈದಾನವನ್ನು ಅರ್ಧ ಮಾಡಿದೆ. ಪ್ಲೇ ಆ್ಯಕ್ಷನ್ (ಚೆಂಡು ಓಟಗಾರನಿಗೆ ಕೊಟ್ಟಂತೆ ನಟಿಸುವುದು) ಮಾಡಿ ಬಲಕ್ಕೆ ಬೂಟ್‌ಲೆಗ್, ಅಂದರೆ ಕ್ವಾರ್ಟರ್‌ಬ್ಯಾಕ್ ಪಕ್ಕಕ್ಕೆ ಓಡುವುದು. ಓಡಿಬಂದ ಕಡೆ ಮೂವರೇ ಕಾಣುತ್ತಾರೆ: ಐದು ಯಾರ್ಡ್‌ನಲ್ಲಿ ಟೈಟ್ ಎಂಡ್, ಹನ್ನೆರಡರಲ್ಲಿ ಅಡ್ಡ ಓಡುವವನು, ಆಳದಲ್ಲಿ ಒಬ್ಬ. ಟೈಟ್ ಎಂಡ್‌ಗೆ ಕೊಟ್ಟ ಚೆಂಡು ಮೊಣಕಾಲ ಹತ್ತಿರ ಹೋಯಿತು, ಬಗ್ಗಿ ಹಿಡಿದ, ಏಳು ಯಾರ್ಡ್. ಮತ್ತೆ ಸ್ಲ್ಯಾಂಟ್. ಮತ್ತೆ ಸ್ಕ್ರೀನ್ (ಎರಡೂ ಹತ್ತಿರದ ಎಸೆತ). ಮತ್ತೆ ಅದೇ ಬೂಟ್‌ಲೆಗ್ ಎಡಕ್ಕೆ, ಬಲಗೈಯವನಿಗೆ ಅದು ಕಷ್ಟ, ಚೆಂಡು ರಿಸೀವರ್ ಹಿಂದೆ ಬಿತ್ತು. ಒಂಬತ್ತು ಪ್ಲೇ ಆಡಿ ಫೀಲ್ಡ್ ಗೋಲ್. ಆ ಒಂಬತ್ತು ಪ್ಲೇಗಳಲ್ಲಿ ಅವನ ಬಗ್ಗೆ ತಿಳಿದಷ್ಟು ಒಂದು ಇಡೀ ವರ್ಷ ರೇಟಿಂಗ್ ಪುಟ ನೋಡಿ ತಿಳಿದಿರಲಿಲ್ಲ. ಬಲಕ್ಕೆ ಓಡುತ್ತಾ ಎಸೆಯಬಲ್ಲ, ಎಡಕ್ಕೆ ಆಗದು, ಒತ್ತಡದಲ್ಲಿ ಆಳದ ಎಸೆತ ಬೇಡ. ಮುಂದಿನ ಮೂರು ಸ್ಕಿಲ್ ಪಾಯಿಂಟ್ ಎಲ್ಲಿಗೆ ಹೋಗಬೇಕು ಎಂದು ಆ ಡ್ರೈವ್ ಹೇಳಿತು.

ಮೈದಾನವನ್ನು ಅರ್ಧ ಮಾಡುವುದು ನನ್ನ ಕಂಡುಹಿಡಿತವಲ್ಲ. ನಿಜವಾದ ಕೋಚ್‌ಗಳು ಹೊಸ ಕ್ವಾರ್ಟರ್‌ಬ್ಯಾಕ್‌ಗೆ ಮೊದಲು ಮಾಡುವ ಉಪಕಾರ ಅದೇ. ನೋಡಬೇಕಾದ ಕಡೆ ಕಡಿಮೆಯಾದರೆ ತಪ್ಪು ಕಡಿಮೆ.

ಸ್ಟಾರ್ಟ್ ಕೊಡುವುದು ಯಾವಾಗ? ಪ್ಯಾಟ್ರಿಕ್ ಮಹೋಮ್ಸ್‌ನ ಮೊದಲ ವರ್ಷ ನೆನಪಿಸಿಕೊಳ್ಳಿ. 2017ರಲ್ಲಿ 10ನೇ ಆಯ್ಕೆಯಾಗಿ ಕ್ಯಾನ್ಸಸ್ ಸಿಟಿಗೆ ಬಂದು ಅಲೆಕ್ಸ್ ಸ್ಮಿತ್ ಹಿಂದೆ ಕೂತ. ತಂಡಕ್ಕೆ ಡಿವಿಷನ್ ಪಟ್ಟ ಖಾತ್ರಿಯಾದ ಮೇಲೆ, ಡಿಸೆಂಬರ್ 31ರಂದು ಡೆನ್ವರ್‌ನಲ್ಲಿ ನಡೆದ ಲೀಗ್ ಹಂತದ ಕೊನೆಯ ಪಂದ್ಯವನ್ನು ಅವನಿಗೆ ಬಿಟ್ಟುಕೊಟ್ಟರು. ಹದಿನಾಲ್ಕು ಅಂಕ ಮುಂದಿದ್ದಾಗ ಅವನನ್ನೂ ಕೂರಿಸಿ ಮೂರನೆಯವನನ್ನು ಇಳಿಸಿದರು. ಡೆನ್ವರ್ ಸಮ ಮಾಡಿಬಿಟ್ಟಿತು. ಮಹೋಮ್ಸ್‌ನನ್ನು ವಾಪಸ್ ಕರೆದರು, ಅವನು ಕೊನೆಯ ಡ್ರೈವ್‌ನಲ್ಲಿ ತಂಡವನ್ನು ಫೀಲ್ಡ್ ಗೋಲ್ ದೂರಕ್ಕೆ ಒಯ್ದ, 27-24. ಮರುವರ್ಷ 50 ಟಚ್‌ಡೌನ್, 5,097 ಯಾರ್ಡ್, ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ).

ನಿಮಗೂ ಅಂಥ ಪಂದ್ಯಗಳು ಸಿಗುತ್ತವೆ. ಪ್ಲೇಆಫ್ ಜಾಗ ಗಟ್ಟಿಯಾದ ಮೇಲಿನ ಪಂದ್ಯಗಳು, ಪ್ಲೇಆಫ್ ಕೈತಪ್ಪಿದ ಮೇಲಿನವು, ಲೀಗ್‌ನ ಅತಿ ದುರ್ಬಲ ಡಿಫೆನ್ಸ್ ಎದುರಿನವು. ವೇಳಾಪಟ್ಟಿ ಬಂದ ದಿನವೇ ಗುರುತು ಹಾಕಿಟ್ಟುಕೊಳ್ಳಿ. ಯುವ ಆಟಗಾರರಿಗೆ ಆಗಾಗ ಬರುವ ಬ್ರೇಕ್‌ಔಟ್ ಪಂದ್ಯವೂ ಹೀಗೆಯೇ, ಮೈದಾನದಲ್ಲಿ ಏನಾದರೂ ಮಾಡುತ್ತಿರುವವನನ್ನೇ ಅದು ಹುಡುಕಿಕೊಂಡು ಬರುತ್ತದೆ. ಇಷ್ಟು ಯಾರ್ಡ್, ಇಷ್ಟು ಟಚ್‌ಡೌನ್ ಎಂದು ಗುರಿ ಇಡುತ್ತದೆ, ಮುಟ್ಟಿದರೆ ಟ್ರೇಟ್ ಒಂದು ಮೆಟ್ಟಿಲು ಏರುತ್ತದೆ. ಆ ವಾರ ಹುಡುಗನೇ ಆಡಲಿ, ಸೋತರೂ ಪರವಾಗಿಲ್ಲ.

ಒಂದು ಎಚ್ಚರಿಕೆ. ಅವನಿಗೆ ತಂಡ ಕೊಡುವ ಮೊದಲು ಅವನನ್ನು ಕಾಯಲು ಮುಂದೆ ನಿಲ್ಲುವ ಐವರನ್ನು ನೋಡಿ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸಾನ್ಸ್ ಡೇವಿಡ್ ಕಾರ್‌ನನ್ನು ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ತಂದು ಮೊದಲ ದಿನದಿಂದಲೇ ಆಡಿಸಿತು. ಆ ವರ್ಷ ಅವನು 76 ಸಲ ಸ್ಯಾಕ್ ಆದ (ಚೆಂಡು ಎಸೆಯುವ ಮೊದಲೇ ಕೆಡವಿಸಿಕೊಂಡ), ಒಂದೇ ಸೀಸನ್‌ನಲ್ಲಿ ಯಾರೂ ಅಷ್ಟು ಬಿದ್ದಿಲ್ಲ. ಗೇಮ್‌ನಲ್ಲಿ ಆಟಗಾರನ ಮನಸ್ಸು ಹಾಗೆ ಮುದುಡುವುದಿಲ್ಲ ನಿಜ. ಆದರೆ ಎರಡು ಸೆಕೆಂಡಿಗೆ ಪಾಕೆಟ್ ಕುಸಿದರೆ ಯಾರ್ಡ್ ಎಲ್ಲಿಂದ ಬರಬೇಕು, ಎಕ್ಸ್‌ಪಿ ಎಲ್ಲಿಂದ ಬರಬೇಕು? ಆ ಐವರಲ್ಲಿ ಎಡ ಟ್ಯಾಕಲ್ 70ರ ಆಸುಪಾಸಿನಲ್ಲಿದ್ದರೆ ಈ ಆಫ್ ಸೀಸನ್‌ನ ಹಣವನ್ನು ಅಲ್ಲಿಗೆ ಖರ್ಚು ಮಾಡಿ. ಹುಡುಗನಿಗೆ ನೀವು ಕೊಡಬಹುದಾದ ಅತಿ ದೊಡ್ಡ ತರಬೇತಿ ಅದು.

ಇನ್ನೊಂದು ಮಾತು, ನಾನು ಕೈ ಸುಟ್ಟುಕೊಂಡದ್ದು. ಆನ್‌ಲೈನ್ ಲೀಗ್ ಒಂದರಲ್ಲಿ ಆರನೇ ಸುತ್ತಿನಲ್ಲಿ ಬಂದ ಹುಡುಗನೊಬ್ಬನನ್ನು, ಜಾಗ ಉಳಿಯಲಿ ಎಂದು ಪ್ರಾಕ್ಟೀಸ್ ಸ್ಕ್ವಾಡ್‌ಗೆ (ಅಭ್ಯಾಸಕ್ಕಷ್ಟೇ ಇರುವವರ ಪಟ್ಟಿ) ಹಾಕಿದೆ. ಅಲ್ಲಿರುವವನನ್ನು ಬೇರೆ ಯಾವ ತಂಡ ಬೇಕಾದರೂ ತನ್ನ ಮುಖ್ಯ ಪಟ್ಟಿಗೆ ಸೇರಿಸಿಕೊಳ್ಳಬಹುದು. ಗೊತ್ತಿತ್ತು, ಆದರೂ ಯಾರು ನೋಡುತ್ತಾರೆ ಎಂದುಕೊಂಡೆ. ಎರಡು ವಾರ ಬಿಟ್ಟು ಲಾಗಿನ್ ಆದರೆ ಹುಡುಗ ಇಲ್ಲ. ಲೀಗ್‌ನ ಇನ್ನೊಬ್ಬ ಆಟಗಾರ ಎತ್ತಿಕೊಂಡಿದ್ದ. ಮೂರು ವರ್ಷ ಆದ ಮೇಲೆ ಅದೇ ಹುಡುಗ ಪ್ಲೇಆಫ್‌ನಲ್ಲಿ ನನ್ನನ್ನು ಸೋಲಿಸಿದ. ನಿಜವಾಗಿ ನಂಬಿದ ಹುಡುಗನನ್ನು ಮುಖ್ಯ ಪಟ್ಟಿಯಲ್ಲೇ ಇಟ್ಟುಕೊಳ್ಳಿ, ಅದಕ್ಕಾಗಿ ಆರನೇ ರಿಸೀವರ್‌ನನ್ನು ಬಿಡಬೇಕಾಗಿ ಬಂದರೂ ಸರಿ.

ಈಗ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಇವನು ನಿಮಗೆ ಏನಾಗಬೇಕು? ವಾರಸುದಾರನೋ, ಸ್ಟಾರ್ಟರ್ ಬಿದ್ದರೆ ನಾಲ್ಕು ಪಂದ್ಯ ನಡೆಸಿಕೊಡುವವನೋ, ಇನ್ನೊಬ್ಬರಿಗೆ ಮಾರಿ ಲಾಭ ಮಾಡುವ ಸರಕೋ? ಮೂರಕ್ಕೂ ದಾರಿ ಬೇರೆ. ನಾಲ್ಕು ಪಂದ್ಯ ನಡೆಸುವವನಾಗಿದ್ದರೆ 24ರ ಹುಡುಗ ಬೇಕಿಲ್ಲ, 75 ಓವರಾಲ್‌ನ ಅನುಭವಿಯೊಬ್ಬ ಅಗ್ಗಕ್ಕೆ ಸಿಗುತ್ತಾನೆ. ಮಾರುವುದರಲ್ಲಿ ನಾಚಿಕೆ ಏನಿಲ್ಲ. 1990ರ ದಶಕದಲ್ಲಿ ಪ್ಯಾಕರ್ಸ್‌ನ ಜನರಲ್ ಮ್ಯಾನೇಜರ್ ರಾನ್ ವುಲ್ಫ್, ಫಾರ್ವ್ ಗಟ್ಟಿಯಾಗಿ ನಿಂತಿದ್ದರೂ ಮತ್ತೆ ಮತ್ತೆ ಹುಡುಗರನ್ನು ಡ್ರಾಫ್ಟ್ ಮಾಡಿದ. 1993ರಲ್ಲಿ ಐದನೇ ಸುತ್ತಿನ ಮಾರ್ಕ್ ಬ್ರೂನೆಲ್, 1998ರಲ್ಲಿ ಆರನೇ ಸುತ್ತಿನ ಮ್ಯಾಟ್ ಹ್ಯಾಸಲ್‌ಬೆಕ್. ಬ್ರೂನೆಲ್‌ನನ್ನು 1995ರಲ್ಲಿ ಜಾಕ್ಸನ್‌ವಿಲ್‌ಗೆ ಕೊಟ್ಟು ಮೂರನೇ ಮತ್ತು ಐದನೇ ಸುತ್ತಿನ ಪಿಕ್ (ಡ್ರಾಫ್ಟ್‌ನಲ್ಲಿ ಆರಿಸುವ ಹಕ್ಕು) ಪಡೆದರು. ಹ್ಯಾಸಲ್‌ಬೆಕ್ 2001ರಲ್ಲಿ ಸಿಯಾಟಲ್‌ಗೆ ಹೋಗಿ, 2005ರ ಸೀಸನ್‌ನಲ್ಲಿ ಆ ತಂಡವನ್ನು ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಒಯ್ದ. ಮ್ಯಾಡನ್‌ನ ಕಂಪ್ಯೂಟರ್ ತಂಡಗಳೂ ಕ್ವಾರ್ಟರ್‌ಬ್ಯಾಕ್ ಎಂದರೆ ವಯಸ್ಸು, ಓವರಾಲ್, ಟ್ರೇಟ್ ನೋಡಿ ಕೈಬಿಚ್ಚಿ ಕೊಡುತ್ತವೆ. ಹಿಡನ್ ತೆರೆದು ಸೂಪರ್‌ಸ್ಟಾರ್ ಎಂದು ಬಂದ ದಿನ ನಿಮ್ಮ ಹುಡುಗನ ಬೆಲೆ ಒಮ್ಮೆಲೇ ಜಿಗಿಯುತ್ತದೆ.

ಆದರೆ ನಿಮ್ಮ ಪತ್ರ ಓದಿದರೆ ನೀವು ಅವನನ್ನು ವಾರಸುದಾರನಾಗಿಯೇ ನೋಡುತ್ತಿದ್ದೀರಿ ಅನ್ನಿಸುತ್ತದೆ. ಆ ಆಸೆ ನನಗೆ ಅರ್ಥವಾಗುತ್ತದೆ. ಒಬ್ಬನೇ ನಿಲ್ಲಬಲ್ಲ ಜಾಗಕ್ಕೆ ಎರಡನೆಯವನಾಗಿ ಕಾಯುವುದು ನಮಗೆ ಕ್ರಿಕೆಟ್‌ನಿಂದ ಗೊತ್ತಿರುವ ಸಂಕಟ. ನಮ್ಮ ಸೈಯದ್ ಕಿರ್ಮಾನಿ 1971ರಲ್ಲೂ 1974ರಲ್ಲೂ ಫರೂಕ್ ಇಂಜಿನಿಯರ್‌ಗೆ ಬದಲಿ ಕೀಪರ್ ಆಗಿ ಇಂಗ್ಲೆಂಡಿಗೆ ಹೋಗಿ ಬಂದರು, ಒಂದು ಟೆಸ್ಟೂ ಸಿಗಲಿಲ್ಲ. ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡ್‌ನಲ್ಲಿ. ಬ್ಯಾಟ್ಸ್‌ಮನ್‌ಗೆ ಆರು ಜಾಗ, ಬೌಲರ್‌ಗೆ ನಾಲ್ಕು, ಕೀಪರ್‌ಗೆ ಒಂದೇ. ಕ್ವಾರ್ಟರ್‌ಬ್ಯಾಕ್‌ಗೂ ಒಂದೇ. ಕಿರ್ಮಾನಿ ಕಾಯುವ ಕಾಲದಲ್ಲಿ ಮೈಸೂರು, ಆಮೇಲೆ ಕರ್ನಾಟಕ ಎಂದು ಹೆಸರಾದ ತಂಡಕ್ಕೆ ರಣಜಿ ಆಡುತ್ತಿದ್ದರು. ನಿಮ್ಮ ಹುಡುಗನಿಗೆ ರಣಜಿ ಇಲ್ಲ. ಮ್ಯಾಡನ್‌ನಲ್ಲಿ ಎರಡನೇ ದರ್ಜೆಯ ಮೈದಾನವೇ ಇಲ್ಲದ್ದರಿಂದ, ಅವನ ಪಂದ್ಯಗಳನ್ನು ನಿಮ್ಮ ಹದಿನೇಳರಲ್ಲೇ ಕಡಿದು ಕೊಡಬೇಕು.

ಕೂರಿಸಿಯೇ ಬೆಳೆಸುವ ಆನಂದ ಬೇಕು ಎಂದರೆ ಕಾಲೇಜ್ ಫುಟ್‌ಬಾಲ್ ಗೇಮ್‌ನ ಡೈನಸ್ಟಿ ಮೋಡ್ ಆಡಿ ನೋಡಿ. ಹನ್ನೊಂದು ವರ್ಷ ನಿಂತುಹೋಗಿದ್ದ ಆ ಸರಣಿ 2024ರ ಜುಲೈನಲ್ಲಿ ಮತ್ತೆ ಶುರುವಾಯಿತು. ಅಲ್ಲಿ ಆಫ್ ಸೀಸನ್ ತರಬೇತಿಯಲ್ಲೇ ಬೆಂಚಿನವರೂ ಒಳ್ಳೆಯ ಏರಿಕೆ ಕಾಣುತ್ತಾರೆ. ನಾಲ್ಕು ಪಂದ್ಯದವರೆಗೆ ಆಡಿಸಿದರೂ ರೆಡ್‌ಶರ್ಟ್ ಮಾಡಿ ಅವನ ಆಡುವ ಅರ್ಹತೆಯ ಒಂದು ವರ್ಷ ಉಳಿಸಿಕೊಳ್ಳಬಹುದು. ಆದರೆ ಬಹಳ ಕಾಯಿಸಿದರೆ ಟ್ರಾನ್ಸ್‌ಫರ್ ಪೋರ್ಟಲ್ ಹಿಡಿದು ಬೇರೆ ಕಾಲೇಜಿಗೆ ಹೊರಟುಬಿಡುತ್ತಾರೆ.

ನಿಮ್ಮ ಕೊನೆಯ ಪ್ರಶ್ನೆ, ಸ್ಟಾರ್ಟರ್‌ನನ್ನು ಮಾರಲೇ ಎಂದು. ಈಗ ಬೇಡ. ಮೂರನೇ ಸುತ್ತಿನವನಿಗೆ ಇರುವುದು ನಾಲ್ಕು ವರ್ಷದ ಕರಾರು, ಐದನೇ ವರ್ಷದ ಹಕ್ಕು ಸಿಗುವುದು ಮೊದಲ ಸುತ್ತಿನವರಿಗೆ ಮಾತ್ರ. ಅಂದರೆ ಕೈಯಲ್ಲಿ ಎರಡು ಸೀಸನ್ ಇದೆ. ಇವತ್ತು 67ರವನಿಗೆ ತಂಡ ಒಪ್ಪಿಸಿದರೆ ನೀವೂ ಸೋಲುತ್ತೀರಿ, ಅವನಿಗೂ ಯಾರ್ಡ್ ಸಿಗುವುದಿಲ್ಲ. ಮೂರನೇ ಸೀಸನ್‌ನಲ್ಲಿ ವಾರದ ಅಭ್ಯಾಸವನ್ನೆಲ್ಲ ಅವನಿಗೆ ಕೊಡಿ, ಪ್ರೀ-ಸೀಸನ್ ಮೂರೂ ಪಂದ್ಯ ಅವನೇ ಆಡಲಿ, ಲೀಗ್ ಹಂತದಲ್ಲಿ ಐದು ಸ್ಟಾರ್ಟ್, ಗೆದ್ದ ಪಂದ್ಯಗಳ ಕೊನೆಯ ಕ್ವಾರ್ಟರ್. ಪಾಯಿಂಟ್ ಎಲ್ಲ ಫೀಲ್ಡ್ ಜನರಲ್‌ಗೆ. ಅಷ್ಟಾದರೆ ಸೀಸನ್ ಮುಗಿಯುವಾಗ ಮುನ್ನೂರು ಸ್ನ್ಯಾಪ್ ದಾಟಿರುತ್ತಾನೆ, ನಾಲ್ಕನೇ ಸೀಸನ್‌ನ ಮೊದಲ ನಾಲ್ಕೈದು ಪಂದ್ಯದಲ್ಲಿ ಪರದೆ ಸರಿಯುತ್ತದೆ. ಆ ಹೊತ್ತಿಗೆ ಹತ್ತಿರದ ನಿಖರತೆ 80 ದಾಟಿದ್ದು, ತೆರೆದ ಟ್ರೇಟ್ ಸೂಪರ್‌ಸ್ಟಾರ್ ಆಗಿದ್ದರೆ ತಡಮಾಡದೆ ಹೊಸ ಕರಾರು ಬರೆಯಿರಿ, 37ಕ್ಕೆ ಕಾಲಿಡುವ ಹಿರಿಯನನ್ನು ಗೌರವದಿಂದ ಕಳಿಸಿಕೊಡಿ. ಬರೀ ಸ್ಟಾರ್ ಎಂದು ಬಂದು, ಹುಡುಗ 72ರ ಹತ್ತಿರ ನಿಂತಿದ್ದರೆ, ಟ್ರೇಡ್ ಗಡುವು ಮುಗಿಯುವ ಮೊದಲು ಕ್ವಾರ್ಟರ್‌ಬ್ಯಾಕ್ ಇಲ್ಲದೆ ಒದ್ದಾಡುತ್ತಿರುವ ತಂಡವೊಂದನ್ನು ಹುಡುಕಿ, ಎರಡನೇ ಸುತ್ತಿನ ಪಿಕ್ ಕೇಳಿ. ಇದೆಲ್ಲಕ್ಕೂ ಮೊದಲು, ಇವತ್ತು ರಾತ್ರಿ ಕನ್ಸೋಲ್ ಹಾಕಿದಾಗ ಆಟೊ ಡೆಪ್ತ್ ಚಾರ್ಟ್ ಆಫ್ ಮಾಡಿಕೊಳ್ಳಿ. ಇಲ್ಲದಿದ್ದರೆ ನೀವು ಮೇಲಿಟ್ಟ ಹುಡುಗನನ್ನು ಗೇಮ್ ತಾನೇ ಎತ್ತಿ ಮತ್ತೆ ಕೆಳಗಿಟ್ಟುಬಿಡುತ್ತದೆ.